ಹೊಟ್ಟೆಯೊಳಗಿನ ವಾಯುವಿನ ಲೆಕ್ಕ

ಅವರೆಕಾಯಿಯ ಸುಗ್ಗಿಯಲ್ಲಿ ಒಂದು ದಿನ ತರಗತಿಯಲ್ಲಿ ಬಾಯ್ಲನ ನಿಯಮವನ್ನು ವಿವರಿಸುತ್ತಿದ್ದೆ. ಉಷ್ಣತೆ ಬದಲಾಗದಿದ್ದ ಪಕ್ಷದಲ್ಲಿ, ಅನಿಲವೊಂದರ ಮೇಲಿನ ಒತ್ತಡವು ಕಡಿಮೆಯಾದಷ್ಟೂ ಅದರ ಗಾತ್ರವು ಹೆಚ್ಚುತ್ತದೆ ಎಂಬುದೇ 1662ರಲ್ಲಿ ರಾಬರ್ಟ್ ಬಾಯ್ಲನು ಪ್ರಕಟಿಸಿದ ಆ ನಿಯಮದ ತಿರುಳು. ತುರುವೇಕೆರೆಯ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಹಿಂದಿನ ಬೆಂಚಿನಿಂದ ಎದ್ದುನಿಂತು, "ಹೊಟ್ಟೆಯಲ್ಲಿರುವ ಗ್ಯಾಸಿಗೂ ಈ ನಿಯಮ ಅನ್ವಯಿಸುತ್ತದೆಯೆ, ಸಾರ್?" ಎಂದು ಕೇಳಿದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ನಾಚಿ ಕುಳಿತುಬಿಟ್ಟ.

ಅದು ನಕ್ಕು ಬಿಡತಕ್ಕ ಪ್ರಶ್ನೆಯಲ್ಲ. ಕರುಳಿನೊಳಗಿನ ಅನಿಲವೂ ಅನಿಲವೇ. ಗಾಜಿನ ನಳಿಗೆಯಲ್ಲಿರುವ ಅನಿಲವು ಯಾವ ನಿಯಮಕ್ಕೆ ಒಳಪಟ್ಟಿದೆಯೋ ಅದೇ ನಿಯಮಕ್ಕೆ ಇದೂ ಒಳಪಟ್ಟಿದೆ. ಸಮುದ್ರದ ಮಟ್ಟದಲ್ಲಿರುವ ಮಂಗಳೂರಿನಿಂದ ಶಿರಾಡಿ ಘಾಟಿಯನ್ನು ಹತ್ತಿ, ಸುಮಾರು 850 ಮೀಟರು ಎತ್ತರದಲ್ಲಿರುವ ತಿಪಟೂರಿಗೆ ಬರುವ ಪ್ರಯಾಣಿಕನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಸುತ್ತಲಿನ ವಾಯುಭಾರವು ಹತ್ತರಲ್ಲೊಂದು ಪಾಲಿನಷ್ಟು ಇಳಿಯುತ್ತದೆ. ಹೊರಡುವಾಗ ಅವನ ಕರುಳಿನಲ್ಲಿ 200 ಮಿಲಿಲೀಟರು ಅನಿಲವಿದ್ದು, ದಾರಿಯಲ್ಲಿ ಅದು ಹೊರಗೆ ಹೋಗದೆ ಉಳಿದರೆ, ತಿಪಟೂರಿನಲ್ಲಿ ಇಳಿಯುವ ಹೊತ್ತಿಗೆ ಅದು ಸುಮಾರು 220 ಮಿಲಿಲೀಟರಾಗಿರುತ್ತದೆ. ವಿಮಾನದೊಳಗಿನ ಒತ್ತಡವನ್ನಂತೂ ಸುಮಾರು 2400 ಮೀಟರು ಎತ್ತರದ ಬೆಟ್ಟದ ಮೇಲಿರುವ ಒತ್ತಡಕ್ಕೆ ಸಮನಾಗುವವರೆಗೂ ಇಳಿಯಗೊಡುವುದುಂಟು. ಆಗ ಅನಿಲವು ಮೂರರಲ್ಲೊಂದು ಪಾಲಿನಷ್ಟು ಹಿಗ್ಗುತ್ತದೆ. ವಿಮಾನಯಾತ್ರೆಯಲ್ಲಿ ಕೆಲವರಿಗೆ ಹೊಟ್ಟೆ ಬಿಗಿದಂತಾಗಲು ಇದೂ ಒಂದು ಕಾರಣ.

ಹುಡುಗನಿಗೆ ಅಂದು ಇಷ್ಟು ಉತ್ತರ ಸಾಕಾಯಿತು. ಆದರೆ ಈ ಉತ್ತರವು ಬೇರೆ ಪ್ರಶ್ನೆಗಳನ್ನು ಎಬ್ಬಿಸುತ್ತದೆ. ಆ ಅನಿಲವು ಎಲ್ಲಿಂದ ಬಂದಿತು? ಎಲ್ಲಿಗೆ ಹೋಗುತ್ತದೆ? ಹೊಟ್ಟೆ ಉಬ್ಬಿದಂತೆ ತೋರಿದಾಗಲೆಲ್ಲ ಒಳಗೆ ಅನಿಲವು ಹೆಚ್ಚಾಗಿದೆಯೆಂದೇ ಅರ್ಥವೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ತೆಂಗಿನ ಸೀಮೆಯಲ್ಲಿ "ವಾಯು" ಎಂಬ ಮಾತನ್ನು, ಇತ್ತೀಚೆಗೆ "ಗ್ಯಾಸು" ಎಂಬ ಮಾತನ್ನು, ಕೇಳದ ಮನೆಯಿಲ್ಲ. ಹೊಟ್ಟೆ ಉಬ್ಬಿದರೂ ಅದೇ ಹೆಸರು, ಬೆನ್ನು ಹಿಡಿದರೂ ಅದೇ, ಎದೆ ನೊಂದರೂ ಅದೇ. ಒಂದೇ ಹೆಸರಿನ ಅಡಿಯಲ್ಲಿ ಅಡಗಿರುವ ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ. ಕೊಬ್ಬರಿ ಮಂಡಿಯ ಗುಮಾಸ್ತರು ಮಾಡುವಂತೆ ಮೊದಲು ಜಮಾ, ಆಮೇಲೆ ಖರ್ಚು, ಕೊನೆಗೆ ಶಿಲ್ಕು, ಈ ಕ್ರಮದಲ್ಲಿ ಲೆಕ್ಕವನ್ನು ನೋಡೋಣ.

ಯಾವ ಯಾವ ಅನಿಲಗಳು?

"ಗ್ಯಾಸ್" ಎಂಬ ಪದವನ್ನು ಹದಿನೇಳನೆಯ ಶತಮಾನದಲ್ಲಿ ಬಳಕೆಗೆ ತಂದವನು ಈಗಿನ ಬೆಲ್ಜಿಯಂ ದೇಶದ ವೈದ್ಯನೂ ರಸಾಯನಜ್ಞನೂ ಆಗಿದ್ದ ವಾನ್ ಹೆಲ್ಮಾಂಟ್. 1816ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಮಜಾಂದಿಯು ಮರಣದಂಡನೆಗೆ ಗುರಿಯಾದ ಅಪರಾಧಿಗಳ ಕರುಳಿನಲ್ಲಿದ್ದ ಅನಿಲದ ವಿಶ್ಲೇಷಣೆಯನ್ನು ಪ್ರಕಟಿಸಿದನು. ಅಂದಿನಿಂದ ಇಂದಿನವರೆಗೆ ನಡೆದ ಪರೀಕ್ಷೆಗಳಿಂದ ತಿಳಿದುಬಂದಿರುವುದೇನೆಂದರೆ, ಕರುಳಿನ ವಾಯುವಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಐದೇ ಅನಿಲಗಳಿಂದಾಗಿದೆ: ಸಾರಜನಕ, ಆಮ್ಲಜನಕ, ಇಂಗಾಲದ ಡೈ ಆಕ್ಸೈಡು, ಜಲಜನಕ ಮತ್ತು ಮೀಥೇನು.

ಈ ಐದರಲ್ಲಿ ಯಾವುದಕ್ಕೂ ವಾಸನೆಯಿಲ್ಲ. ದುರ್ವಾಸನೆಯೆಲ್ಲ ಉಳಿದ ಒಂದು ಪಾಲಿಗಿಂತಲೂ ಕಡಿಮೆಯಿರುವ ಗಂಧಕದ ಸಂಯುಕ್ತಗಳದು. ಆದುದರಿಂದ ವಾಸನೆಗೂ ಅನಿಲದ ಪ್ರಮಾಣಕ್ಕೂ ಸಂಬಂಧವಿಲ್ಲ. ಆರೋಗ್ಯವಂತನಾದ ಮನುಷ್ಯನು ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಅನಿಲವನ್ನು ಗುದದ್ವಾರದಿಂದ ಹೊರಕ್ಕೆ ಬಿಡುತ್ತಾನೆ. ಹತ್ತರಿಂದ ಇಪ್ಪತ್ತು ಬಾರಿ ಬಿಡುವುದು ಸಹಜ. ಇದರಲ್ಲಿ ನಾಚಿಕೆಪಡತಕ್ಕದ್ದಾಗಲಿ ಗಾಬರಿಪಡತಕ್ಕದ್ದಾಗಲಿ ಏನೂ ಇಲ್ಲ.

ಜಮಾ: ಮೂರು ಬಾಬುಗಳು

ಮೊದಲನೆಯದು, ನಾವು ನುಂಗುವ ಗಾಳಿ. ಅನ್ನವನ್ನಾಗಲಿ ನೀರನ್ನಾಗಲಿ ಎಂಜಲನ್ನಾಗಲಿ ನುಂಗುವಾಗ ಪ್ರತಿಸಲವೂ ಸ್ವಲ್ಪ ಗಾಳಿ ಜೊತೆಯಲ್ಲಿ ಇಳಿಯುತ್ತದೆ. ಆತುರದಿಂದ ಉಣ್ಣುವವರಲ್ಲಿ, ಉಣ್ಣುತ್ತ ಮಾತನಾಡುವವರಲ್ಲಿ, ಸದಾ ಎಲೆಯಡಿಕೆಯನ್ನೋ ಚೂಯಿಂಗ್ ಗಮ್ಮನ್ನೋ ಜಗಿಯುತ್ತ ಎಂಜಲು ನುಂಗುವವರಲ್ಲಿ ಈ ಬಾಬು ಹೆಚ್ಚು. ಇದರ ಬಹುಭಾಗ ತೇಗಿನ ಮೂಲಕ ಹಿಂತಿರುಗುತ್ತದೆ. ಸೋಡಾ ಮೊದಲಾದ ಪಾನೀಯಗಳನ್ನೂ ಇಲ್ಲಿಯೇ ಸೇರಿಸಬೇಕು. ಒತ್ತಡದಲ್ಲಿಟ್ಟ ದ್ರವದಲ್ಲಿ ಅನಿಲವು ಹೆಚ್ಚಾಗಿ ಕರಗುತ್ತದೆಯೆಂಬ ಹೆನ್ರಿಯ ನಿಯಮದಂತೆ, ಸೋಡಾ ನೀರಿನಲ್ಲಿ ಅದರ ಗಾತ್ರದ ಮೂರು ನಾಲ್ಕು ಪಟ್ಟು ಇಂಗಾಲದ ಡೈ ಆಕ್ಸೈಡು ಕರಗಿರುತ್ತದೆ. ಬಾಟಲಿಯ ಬಾಯಿ ತೆರೆದಾಗ ಒಂದಷ್ಟು ಹೊರಟುಹೋದರೂ ಉಳಿದದ್ದು ಜಠರವನ್ನು ಸೇರುತ್ತದೆ. ಊಟ ಜೀರ್ಣವಾಗಲಿಲ್ಲವೆಂದು ಸೋಡಾ ಕುಡಿದು, ದೊಡ್ಡ ತೇಗೊಂದು ಬಂದೊಡನೆ "ವಾಯು ಹೋಯಿತು" ಎಂದು ಸಮಾಧಾನಪಡುವವರುಂಟು. ಹೋದದ್ದು ಬಹುಮಟ್ಟಿಗೆ ಆಗ ತಾನೆ ಕುಡಿದ ವಾಯುವೇ!

ಎರಡನೆಯದು, ಶುದ್ಧ ರಸಾಯನಕ್ರಿಯೆ. ಜಠರದಲ್ಲಿ ಹೈಡ್ರೊಕ್ಲೋರಿಕ್ ಆಮ್ಲವು ಸ್ರವಿಸುತ್ತದೆ. ಆಹಾರದೊಡನೆ ಅದು ಸಣ್ಣ ಕರುಳಿಗೆ ಇಳಿದಾಗ, ಮೇದೋಜೀರಕ ಗ್ರಂಥಿಯ ರಸದಲ್ಲಿರುವ ಬೈಕಾರ್ಬೊನೇಟು ಅದನ್ನು ಶಮನ ಮಾಡುತ್ತದೆ; ಇಂಗಾಲದ ಡೈ ಆಕ್ಸೈಡು ಹುಟ್ಟುತ್ತದೆ. ಅಡುಗೆಯ ಸೋಡಾಕ್ಕೆ ನಿಂಬೆಯ ರಸ ಬಿದ್ದಾಗ ಬುರುಗು ಬರುವುದೂ ಇದೇ ಬಗೆಯ ಕ್ರಿಯೆಯೇ. ಈ ಅನಿಲವು ಎಷ್ಟಾದೀತೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಸೋಡಿಯಂ ಬೈಕಾರ್ಬೊನೇಟಿನ ಅಣುತೂಕ 84. ಒಂದು ಗ್ರಾಮು ಪೂರ್ತಿಯಾಗಿ ಆಮ್ಲದೊಡನೆ ವರ್ತಿಸಿದರೆ ದೇಹದ ಉಷ್ಣತೆಯಲ್ಲಿ ಸುಮಾರು 300 ಮಿಲಿಲೀಟರು ಅನಿಲ ಬರುತ್ತದೆ. ಊಟವಾದ ಮೇಲೆ ಸಣ್ಣ ಕರುಳಿನಲ್ಲಿ ಹೀಗೆ ಹುಟ್ಟುವ ಅನಿಲದ ಪ್ರಮಾಣ ಸಣ್ಣದೇನಲ್ಲ. ಆದರೆ ಇಂಗಾಲದ ಡೈ ಆಕ್ಸೈಡು ಕರುಳಿನ ಗೋಡೆಯ ಮೂಲಕ ಬೇಗನೆ ರಕ್ತಕ್ಕೆ ವ್ಯಾಪಿಸಿ, ಶ್ವಾಸಕೋಶದಿಂದ ಹೊರಬಿದ್ದುಹೋಗುವುದರಿಂದ ನಮಗೆ ಅದರ ಅರಿವೇ ಆಗುವುದಿಲ್ಲ.

ಮೂರನೆಯ ಬಾಬು ಎಲ್ಲಕ್ಕಿಂತ ಸ್ವಾರಸ್ಯವಾದುದು. ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಅಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಕಡಿಮೆ. ಗೋಬರ್ ಗ್ಯಾಸಿನ ತೊಟ್ಟಿಯನ್ನು ಕಂಡವರಿಗೆ ಇದರ ಕಲ್ಪನೆ ಸುಲಭ. ಗಾಳಿಯ ಸಂಪರ್ಕವಿಲ್ಲದ ಕತ್ತಲೆಯ ತೊಟ್ಟಿ, ಅದರೊಳಗೆ ಕೊಳೆಯುವ ಪದಾರ್ಥ, ಅದನ್ನು ಹುಳಿಯಿಸಿ ಅನಿಲ ಮಾಡುವ ಜೀವಿಗಳು, ಈ ಮೂರೂ ಎರಡು ಕಡೆಗಳಲ್ಲಿಯೂ ಉಂಟು. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಪದಾರ್ಥವೇ ಈ ತೊಟ್ಟಿಗೆ ಬೀಳುವ ಸರಕು. ಕರುಳಿನಲ್ಲಿರುವ ಜಲಜನಕ ಮೀಥೇನುಗಳು ಹುಟ್ಟುವುದು ಈ ಸೂಕ್ಷ್ಮಜೀವಿಗಳಿಂದಲೇ. ನಮ್ಮ ದೇಹದ ಯಾವ ಜೀವಕೋಶವೂ ಅವುಗಳನ್ನು ತಯಾರಿಸಲಾರದು.

ಅವರೆಕಾಳಿನ ಗುಟ್ಟು

ನಮ್ಮ ಸೀಮೆಯ ಊಟವನ್ನು ನೋಡಿ. ರಾಗಿಮುದ್ದೆ, ಅದಕ್ಕೆ ಹುರುಳಿ, ಅಲಸಂದೆ, ಅವರೆ ಇಲ್ಲವೆ ತೊಗರಿಯ ಸಾರು. ಕಾಳುಗಳು "ವಾಯು" ಎಂಬ ಅನುಭವದ ಮಾತಿಗೆ ರಸಾಯನಶಾಸ್ತ್ರದಲ್ಲಿ ಸ್ಪಷ್ಟವಾದ ಆಧಾರವಿದೆ.

ನಾವು ದಿನವೂ ತಿನ್ನುವ ಸಕ್ಕರೆಯ ಅಣುವು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳು ಕೂಡಿ ಆದದ್ದು. ಕಾಳಿನ ಗಿಡವು ಈ ಅಣುವಿಗೆ ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆಯನ್ನು ಸರಪಳಿಯ ಕೊಂಡಿಯಂತೆ ಸೇರಿಸುತ್ತ ಹೋಗುತ್ತದೆ. ಒಂದು ಕೊಂಡಿ ಸೇರಿದರೆ ರ್‍ಯಾಫಿನೋಸ್, ಎರಡು ಸೇರಿದರೆ ಸ್ಟಾಕಿಯೋಸ್, ಮೂರು ಸೇರಿದರೆ ವರ್ಬಾಸ್ಕೋಸ್. ಈ ಕೊಂಡಿಗಳನ್ನು ಬಿಚ್ಚಲು ಆಲ್ಫಾ ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವವು ಬೇಕು. ಮನುಷ್ಯನ ಸಣ್ಣ ಕರುಳಿನಲ್ಲಿ ಆ ಕಿಣ್ವವು ಸ್ರವಿಸುವುದಿಲ್ಲ. ಹಳ್ಳಿಯವನಿಗಾಗಲಿ ಪಟ್ಟಣದವನಿಗಾಗಲಿ, ಬಲಶಾಲಿಗಾಗಲಿ ರೋಗಿಗಾಗಲಿ, ಅದು ಇಲ್ಲ. ಆದುದರಿಂದ ಈ ಸಕ್ಕರೆಗಳು ಹಾಗೆಯೇ ದೊಡ್ಡ ಕರುಳನ್ನು ಸೇರುತ್ತವೆ. ಅಲ್ಲಿಯ ಸೂಕ್ಷ್ಮಜೀವಿಗಳಲ್ಲಿ ಆ ಕಿಣ್ವವುಂಟು! ಅವು ಸಂತೋಷದಿಂದ ಉಂಡು ಜಲಜನಕವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತವೆ. ಮಧ್ಯಾಹ್ನ ಉಂಡ ಸಾರಿನ ಫಲವು ಆಗಲೇ ಕಾಣದೆ, ಉಳಿದ ಆಹಾರವು ದೊಡ್ಡ ಕರುಳನ್ನು ಮುಟ್ಟುವ ಸಂಜೆಯ ಹೊತ್ತಿಗೆ ಕಾಣುವುದೂ ಇದರಿಂದಲೇ.

ಕಾಳಿಗೆ ಈ ಸಕ್ಕರೆಗಳು ಏತಕ್ಕೆ? ಕಾಳು ಬಲಿತು ಒಣಗುವ ಕಾಲದಲ್ಲಿ ಅವು ಶೇಖರವಾಗುತ್ತವೆ. ಮೊಳಕೆಯೊಡೆಯುವಾಗ ಬೀಜವು ತನ್ನ ಕಿಣ್ವಗಳಿಂದ ಅವುಗಳನ್ನು ಒಡೆದು ಬಳಸಿಕೊಳ್ಳುತ್ತದೆ. ಇದನ್ನು ತಿಳಿದರೆ ನಮ್ಮ ಅಡುಗೆಮನೆಯ ಹಳೆಯ ಪದ್ಧತಿಗಳ ಅರ್ಥ ತಾನಾಗಿ ಹೊಳೆಯುತ್ತದೆ. ಹುರುಳಿಯನ್ನೂ ಹೆಸರುಕಾಳನ್ನೂ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಾಗ ಅನಿಲಕ್ಕೆ ಕಾರಣವಾದ ಸಕ್ಕರೆಯನ್ನು ಕಾಳೇ ತಿಂದು ಕಡಿಮೆ ಮಾಡುತ್ತದೆ. ಒಣಕಾಳನ್ನು ರಾತ್ರಿಯೆಲ್ಲ ನೆನೆಯಿಟ್ಟು ಆ ನೀರನ್ನು ಚೆಲ್ಲಿದರೆ, ನೀರಿನಲ್ಲಿ ಕರಗಿದ ಸಕ್ಕರೆಯ ಒಂದು ಭಾಗ ಅದರೊಡನೆ ಹೋಗುತ್ತದೆ. ಅವರೆಕಾಳನ್ನು ನೆನೆಯಿಸಿ ಸಿಪ್ಪೆ ಹಿಸುಕಿ ತೆಗೆದ ಹಿತಕಿದ ಬೇಳೆಯಲ್ಲಿ, ನೆನೆಸಿದ ನೀರೂ ಹೋಗುತ್ತದೆ, ಸಿಪ್ಪೆಯ ನಾರೂ ಹೋಗುತ್ತದೆ.

ಕಾಳುಗಳಂತೆ ಇನ್ನು ಕೆಲವು ಪದಾರ್ಥಗಳೂ ಇವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಗಳಲ್ಲಿರುವ ಫ್ರಕ್ಟಾನುಗಳನ್ನು ಯಾರೂ ಜೀರ್ಣಿಸಿಕೊಳ್ಳಲಾರರು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನ ವಿಷಯ ಬೇರೆ. ಎಳೆಯ ಮಕ್ಕಳೆಲ್ಲರಲ್ಲಿಯೂ ಸಾಮಾನ್ಯವಾಗಿ ಅದನ್ನು ಒಡೆಯುವ ಕಿಣ್ವವಿರುತ್ತದೆ. ದಕ್ಷಿಣ ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಬಹಳ ಕಡಿಮೆಯಾಗಿಬಿಟ್ಟಿರುತ್ತದೆ. ಅಂಥವರಿಗೆ ಒಂದು ದೊಡ್ಡ ಲೋಟ ಹಾಲು ಹೊಟ್ಟೆಯನ್ನು ಗುಡುಗುಡು ಎನ್ನಿಸಬಹುದು. ಕಾಫಿಗೆ ಹಾಕಿದ ಹಾಲಾಗಲಿ, ಲ್ಯಾಕ್ಟೋಸಿನ ಒಂದು ಭಾಗವು ಆಗಲೇ ಹುಳಿತು ಹೋಗಿರುವ ಮೊಸರಾಗಲಿ ಅಷ್ಟು ತೊಂದರೆ ಕೊಡುವುದಿಲ್ಲ.

ಹಾಗಾದರೆ ನಮ್ಮ ಕೊಬ್ಬರಿ? ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರೆಲ್ಲ ಇಂಗಿದ ಉಂಡೆಕೊಬ್ಬರಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಣ್ಣೆಯೇ. ಎಣ್ಣೆಯಿಂದ ದೊಡ್ಡ ಕರುಳಿನ ಜೀವಿಗಳು ಅನಿಲವನ್ನು ಮಾಡುವುದಿಲ್ಲವೆಂದೇ ಹೇಳಬಹುದು. ಆದರೆ ಕೊಬ್ಬಿನ ಅಂಶ ಹೆಚ್ಚಿದ ಊಟವು ಜಠರದಿಂದ ಕೆಳಕ್ಕೆ ಇಳಿಯುವುದು ನಿಧಾನ. ಕರುಳಿನಲ್ಲಿ ಅನಿಲದ ಚಲನೆಯನ್ನೂ ಅದು ತಡೆಯುತ್ತದೆ. ಕಾಯಿಹೋಳಿಗೆಯ ಮದುವೆಯೂಟದ ಮೇಲೆ ಹೊಟ್ಟೆ ಭಾರವೆನಿಸುವುದು ಅನಿಲದ ಹೆಚ್ಚಳದಿಂದಲೇ ಅಲ್ಲ, ಸಾಗಾಣಿಕೆಯ ನಿಧಾನದಿಂದ.

ಖರ್ಚು

ಹುಟ್ಟಿದ ಅನಿಲವೆಲ್ಲ ಕೆಳಗಿನ ದಾರಿಯಿಂದಲೇ ಹೋಗುವುದಿಲ್ಲ. ಒಂದು ಭಾಗವು ರಕ್ತದಲ್ಲಿ ಸೇರಿ ಉಸಿರಿನಲ್ಲಿ ಹೊರಬೀಳುತ್ತದೆ. ವೈದ್ಯರು ಇದನ್ನೇ ಪರೀಕ್ಷೆಗೆ ಬಳಸಿಕೊಂಡಿದ್ದಾರೆ. ರೋಗಿಗೆ ಲ್ಯಾಕ್ಟೋಸನ್ನು ಕುಡಿಸಿ, ಅವನ ಉಸಿರಿನಲ್ಲಿ ಜಲಜನಕವನ್ನು ಅಳೆಯುತ್ತಾರೆ. ಮೊದಲಿದ್ದುದಕ್ಕಿಂತ ಹತ್ತು ಲಕ್ಷ ಭಾಗಗಳಲ್ಲಿ 20 ಭಾಗದಷ್ಟು ಏರಿದರೆ, ಲ್ಯಾಕ್ಟೋಸು ಜೀರ್ಣವಾಗದೆ ದೊಡ್ಡ ಕರುಳನ್ನು ಮುಟ್ಟಿತೆಂದು ತಿಳಿಯುತ್ತದೆ.

ಇನ್ನೊಂದು ಭಾಗವನ್ನು ಸೂಕ್ಷ್ಮಜೀವಿಗಳೇ ತಿಂದುಬಿಡುತ್ತವೆ. ಕೆಲವು ಜೀವಿಗಳು ನಾಲ್ಕು ಅಣು ಜಲಜನಕವನ್ನೂ ಒಂದು ಅಣು ಇಂಗಾಲದ ಡೈ ಆಕ್ಸೈಡನ್ನೂ ಕೂಡಿಸಿ, ಒಂದು ಅಣು ಮೀಥೇನನ್ನೂ ಎರಡು ಅಣು ನೀರನ್ನೂ ಮಾಡುತ್ತವೆ. ಅವೊಗಾಡ್ರೋನ ನಿಯಮವನ್ನು ನೆನೆದರೆ, ಐದು ಗಾತ್ರದ ಅನಿಲವು ಒಂದು ಗಾತ್ರಕ್ಕೆ ಇಳಿಯಿತೆಂದಾಯಿತು. ಈ ಜೀವಿಗಳ ಬಳಗವು ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಸಾರನ್ನು ಉಂಡ ಇಬ್ಬರಲ್ಲಿ ಒಬ್ಬನಿಗೆ ತೊಂದರೆಯಾಗಿ ಇನ್ನೊಬ್ಬನಿಗೆ ಆಗದಿರಲು ಇದೂ ಒಂದು ಕಾರಣ.

ಈ ಸಂದರ್ಭದಲ್ಲಿ ನಮ್ಮ ಕೊಟ್ಟಿಗೆಯ ಹಳ್ಳಿಕಾರ್ ದನವನ್ನು ನೆನೆಯಬಹುದು. ಅದರ ಮೊದಲನೆಯ ಹೊಟ್ಟೆಯೇ ಹುಳಿಯಿಸುವ ತೊಟ್ಟಿ. ಅಲ್ಲಿ ಹುಟ್ಟುವ ಅಪಾರವಾದ ಅನಿಲವನ್ನು ದನವು ತೇಗಿ ಹೊರಹಾಕುತ್ತದೆ. ಎಳೆಯ ಹಸಿ ಕುದುರೆಮೆಂತ್ಯದಂಥ ದ್ವಿದಳ ಮೇವನ್ನು ಬರಿಹೊಟ್ಟೆಯಲ್ಲಿ ಮಿತಿಮೀರಿ ಮೇಯ್ದರೆ, ಅನಿಲವು ಸಣ್ಣ ಸಣ್ಣ ಗುಳ್ಳೆಗಳ ನೊರೆಯಾಗಿ ಸಿಕ್ಕಿಬೀಳುತ್ತದೆ. ನೊರೆಯನ್ನು ತೇಗಲಾಗದು, ದನ ಸತ್ತೇಹೋಗಬಹುದು. ಆಗ ಎಣ್ಣೆ ಕುಡಿಸುವ ಚಿಕಿತ್ಸೆಯ ಹಿಂದೆ ಭೌತಶಾಸ್ತ್ರವಿದೆ: ಎಣ್ಣೆಯು ನೊರೆಯ ಪೊರೆಗಳನ್ನು ದುರ್ಬಲಗೊಳಿಸಿ ಗುಳ್ಳೆಗಳನ್ನು ಒಡೆಯುತ್ತದೆ. ಮನುಷ್ಯರಿಗೆ ಮಾರುವ ಸಿಮೆಥಿಕೋನ್ ಎಂಬ ಔಷಧವೂ ಮೇಲ್ಮೈ ಎಳೆತವನ್ನು ತಗ್ಗಿಸಿ ಗುಳ್ಳೆಗಳನ್ನು ಕೂಡಿಸುವಂಥದೇ. ಅದು ಅನಿಲದ ಉತ್ಪತ್ತಿಯನ್ನು ಕಡಿಮೆ ಮಾಡುವುದಿಲ್ಲವೆಂಬುದನ್ನು ಮರೆಯಬಾರದು.

ಶಿಲ್ಕು ಅಷ್ಟೇ, ಉಬ್ಬರವೇಕೆ?

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಹೊಟ್ಟೆಯುಬ್ಬರದಿಂದ ನರಳುವವರ ಕರುಳಿನಲ್ಲಿ ಅನಿಲದ ಶಿಲ್ಕು ಇತರರಿಗಿಂತ ಹೆಚ್ಚಾಗಿರುತ್ತದೆಯೆ? ಇದೆಯೆಂದೇ ಬಹುಕಾಲ ಎಲ್ಲರೂ ನಂಬಿದ್ದರು. 1975ರಲ್ಲಿ ಅಮೆರಿಕದ ಮೈಕೇಲ್ ಲೆವಿಟ್ ಮತ್ತು ಅವರ ಸಂಗಡಿಗರು ಇದನ್ನು ಅಳೆದೇ ನೋಡಿದರು. ಆರ್ಗಾನ್ ಎಂಬ ಜಡ ಅನಿಲವನ್ನು ಕರುಳಿನ ಮೇಲ್ತುದಿಯಿಂದ ವೇಗವಾಗಿ ಹಾಯಿಸಿ, ಒಳಗಿದ್ದ ಅನಿಲವನ್ನೆಲ್ಲ ಕೆಳತುದಿಯಲ್ಲಿ ಹಿಡಿದು ಪರೀಕ್ಷಿಸಿದರು. ನರಳುವವರಲ್ಲಿಯೂ ಆರೋಗ್ಯವಂತರಲ್ಲಿಯೂ ದೊರೆತದ್ದು ಹೆಚ್ಚು ಕಡಿಮೆ ಒಂದೇ ಪ್ರಮಾಣ, ಸುಮಾರು 200 ಮಿಲಿಲೀಟರು!

ವ್ಯತ್ಯಾಸವು ಬೇರೆ ಕಡೆ ಇತ್ತು. ಸ್ಪೇನಿನ ಬಾರ್ಸೆಲೋನಾದ ಸಂಶೋಧಕರು ಸಣ್ಣ ಕರುಳಿಗೆ ನಿಮಿಷಕ್ಕೆ 12 ಮಿಲಿಲೀಟರಿನಂತೆ ಅನಿಲವನ್ನು ಹರಿಯಿಸಿ, 2001ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಗಂಟೆಗೆ 720 ಮಿಲಿಲೀಟರಾಯಿತು. ಆರೋಗ್ಯವಂತರಲ್ಲಿ ಹೆಚ್ಚಿನವರು ಬಂದಷ್ಟನ್ನೂ ಹೊರಕ್ಕೆ ಸಾಗಿಸಿ ಆರಾಮವಾಗಿದ್ದರು. ಉದ್ರೇಕಗೊಳ್ಳುವ ಕರುಳಿನ ತೊಂದರೆಯುಳ್ಳವರಲ್ಲಿ ಬಹುಮಂದಿ ಅನಿಲವನ್ನು ಹಿಡಿದಿಟ್ಟುಕೊಂಡರು, ಇಲ್ಲವೆ ನೋವನ್ನು ಅನುಭವಿಸಿದರು. ಅಂದರೆ ಅವರಲ್ಲಿ ದೋಷವಿದ್ದುದು ಅನಿಲದ ಉತ್ಪತ್ತಿಯಲ್ಲಲ್ಲ. ಅದರ ಸಾಗಾಣಿಕೆಯಲ್ಲಿ ಮತ್ತು ಕರುಳಿನ ನರಗಳ ಸೂಕ್ಷ್ಮತೆಯಲ್ಲಿ.

ಹೊಟ್ಟೆ ಕಣ್ಣಿಗೆ ಕಾಣುವಂತೆ ಮುಂದೆ ಬರುವುದೂ ಅನೇಕರಲ್ಲಿ ಇದೇ ರೀತಿಯದು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯೆಂಬ ಸ್ನಾಯುವು ಕೆಳಕ್ಕೆ ಇಳಿದು, ಹೊಟ್ಟೆಯ ಮುಂಗೋಡೆಯ ಸ್ನಾಯುಗಳು ಸಡಿಲಗೊಂಡರೆ, ಒಳಗಿನ ಗಾತ್ರ ಅಷ್ಟೇನೂ ಹೆಚ್ಚದಿದ್ದರೂ ಹೊಟ್ಟೆ ಮುಂದಕ್ಕೆ ಬರುತ್ತದೆ. ನೀರು ತುಂಬಿದ ರಬ್ಬರು ಚೀಲವನ್ನು ಮೇಲಿನಿಂದ ಒತ್ತಿದರೆ ಪಕ್ಕಕ್ಕೆ ಉಬ್ಬುವುದಿಲ್ಲವೆ? ಹಾಗೆ.

ಇದರಿಂದ ಕಲಿಯತಕ್ಕದ್ದು ಇಷ್ಟು. ನಿಧಾನವಾಗಿ ಉಣ್ಣುವುದು, ಸೋಡಾವನ್ನು ಬಿಡುವುದು, ಕಾಳನ್ನು ನೆನೆಯಿಸಿ ನೀರು ಚೆಲ್ಲಿ ಅಥವಾ ಮೊಳಕೆ ಬರಿಸಿ ಬೇಯಿಸುವುದು, ಊಟದ ಮೇಲೆ ಸ್ವಲ್ಪ ನಡೆದಾಡಿ ಅನಿಲವನ್ನು ಸಾಗಗೊಡುವುದು, ಇವೆಲ್ಲ ಯುಕ್ತವಾದುವೇ. ಕಾಳುಗಳನ್ನೇ ತ್ಯಜಿಸುವುದು ಮಾತ್ರ ಯುಕ್ತವಲ್ಲ. ಅವು ನಮ್ಮ ಊಟದ ಸಸಾರಜನಕ ಪದಾರ್ಥದ ದೊಡ್ಡ ಆಕರ. ಅಲ್ಲದೆ ಸೂಕ್ಷ್ಮಜೀವಿಗಳು ನಾರನ್ನು ಹುಳಿಯಿಸುವಾಗ ಅನಿಲದೊಡನೆ ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನೂ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳಿಗೆ ಅವೇ ಆಹಾರ.

ಎಲ್ಲವೂ ವಾಯುವಲ್ಲ

ಈ ವಿಷಯವನ್ನು ಬರೆಯಲು ನನಗೆ ಇನ್ನೊಂದು ಕಾರಣವೂ ಉಂಟು. ನನ್ನ ಸೋದರಮಾವನವರು ಚಿಕ್ಕನಾಯಕನಹಳ್ಳಿಯ ಕಡೆಯ ತೆಂಗಿನ ಕೃಷಿಕರು. ಕೆಲವು ವರ್ಷಗಳ ಹಿಂದೆ ಮದುವೆಯೊಂದರಲ್ಲಿ ಉಂಡು ಬಂದ ರಾತ್ರಿ ಅವರಿಗೆ ಎದೆಯ ನಡುವೆ ಭಾರವಿಟ್ಟಂತಾಗಿ ಮೈ ಬೆವತಿತು. ಮನೆಯವರೆಲ್ಲ "ವಾಯು" ಎಂದರು. ಅವರೂ ಹಾಗೆಯೇ ಎಂದರು. ಸೋಡಾ ಕುಡಿದರು, ತೇಗು ಬಂತು, ಸ್ವಲ್ಪ ಹಗುರವಾದಂತೆ ತೋರಿತು. ಬೆಳಗಿನವರೆಗೆ ಕಾದರು. ಆಸ್ಪತ್ರೆಯಲ್ಲಿ ಹೃದಯದ ವಿದ್ಯುತ್ ಆಲೇಖವನ್ನು ತೆಗೆದಾಗ, ಅದು ಹೃದಯಾಘಾತವೆಂದೂ ಹೃದಯದ ಸ್ನಾಯುವಿನ ಒಂದು ಭಾಗವು ಆಗಲೇ ಸತ್ತಿದೆಯೆಂದೂ ತಿಳಿಯಿತು. ಬದುಕಿ ಉಳಿದರು. ಆದರೆ ಈಗ ತಮ್ಮದೇ ತೋಟವನ್ನು ಒಂದು ಸುತ್ತು ಬರುವಷ್ಟರಲ್ಲಿ ಎರಡು ಕಡೆ ಕುಳಿತುಕೊಳ್ಳುತ್ತಾರೆ.

ಮೋಸಹೋದದ್ದು ಅವರ ದಡ್ಡತನದಿಂದಲ್ಲ. ಹೃದಯದಿಂದ ಬರುವ ನೋವಿನ ನರಗಳೂ ಅನ್ನನಾಳದಿಂದ ಬರುವ ನರಗಳೂ ಬೆನ್ನುಹುರಿಯನ್ನು ಹೆಚ್ಚು ಕಡಿಮೆ ಒಂದೇ ಎಡೆಯಲ್ಲಿ ಸೇರುವುದರಿಂದ, ನೋವು ಯಾವುದರದೆಂದು ಮೆದುಳು ಗುರುತಿಸಲಾರದೆ ಹೋಗುತ್ತದೆ. ದೊಡ್ಡ ಕರುಳಿನ ಎಡಬಾಗಿನಲ್ಲಿ ಅನಿಲ ಸಿಕ್ಕಿದಾಗಲೂ ಎಡ ಎದೆಯಲ್ಲಿ ನೋವು ಕಾಣಿಸುವುದುಂಟು. ತೇಗು ಬಂದಿತೆಂಬುದು ಯಾವುದಕ್ಕೂ ಪ್ರಮಾಣವಲ್ಲ. ಎದೆಯಲ್ಲಿ ಬಿಗಿತ ಕೆಲವು ನಿಮಿಷಗಳಿಗಿಂತ ಹೆಚ್ಚು ನಿಂತು, ಬೆವರು, ಏದುಸಿರು, ತೋಳಿಗೋ ದವಡೆಗೋ ಹರಿಯುವ ನೋವು ಜೊತೆಗೂಡಿದರೆ, ಸೋಡಾ ಹುಡುಕುತ್ತ ಕಾಲ ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಯನ್ನು ಸೇರಬೇಕು. ಅಲ್ಲಿ ಆಲೇಖವೊಂದನ್ನು ತೆಗೆಯಲು ಹಿಡಿಯುವುದು ಕೆಲವೇ ನಿಮಿಷ. ಹಾಗೆಯೇ ಹೊಟ್ಟೆ ಉಬ್ಬಿ ಮಲವೂ ವಾಯುವೂ ಎರಡೂ ನಿಂತು ವಾಂತಿಯಾಗುತ್ತಿದ್ದರೆ ಕರುಳಿಗೆ ತಡೆಬಿದ್ದಿರಬಹುದು, ಅದೂ ತಡಮಾಡುವಂಥದಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಡುವಯಸ್ಸು ಕಳೆದ ಸ್ತ್ರೀಯರಲ್ಲಿ ಹೊಸದಾಗಿ ಬಂದು ವಾರಗಟ್ಟಲೆ ಇಳಿಯದಿರುವ ಉಬ್ಬರ, ಇವುಗಳನ್ನು ವೈದ್ಯರಿಗೆ ತೋರಿಸಲೇಬೇಕು.

ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಇಡೀ ತರಗತಿ ನಕ್ಕಿತೆಂದೆನಷ್ಟೆ. ನಗುವ ವಿಷಯವೆಂದು ಯಾರೂ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಕೇಳದುದರಿಂದ ತಿಳಿಯುವುದಿಲ್ಲ, ತಿಳಿಯದುದರಿಂದ ಎಲ್ಲಕ್ಕೂ ಒಂದೇ ಹೆಸರಿಟ್ಟು ಸುಮ್ಮನಾಗುತ್ತೇವೆ. ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಕಾಳಿನ ಸಕ್ಕರೆಯ ಹೆಸರುಗಳನ್ನು ಮರೆತರೂ ಚಿಂತೆಯಿಲ್ಲ. ಮನೆಯಲ್ಲಿ ಹಿರಿಯರೊಬ್ಬರು ಅಪರಾತ್ರಿಯಲ್ಲಿ ಎದೆ ಹಿಡಿದುಕೊಂಡು "ಏನಿಲ್ಲ, ವಾಯು" ಎಂದಾಗ, ಅವರ ಮಾತನ್ನು ಒಪ್ಪಿಕೊಂಡು ಮಲಗದಿದ್ದರೆ ಸಾಕು.